ಬೋರ್ಡಿನ ಮೇಲೆ ಪೆನ್ಸಿಲ್ ಗೀರು

ಅಮೃತಳಿಗೆ ಗಂಡನ ಕೈ ಕಂಡರೆ ಆಗದು. ಗಂಡ ಆಗಬಹುದು. ಕುಡಿತವಿಲ್ಲ, ಹೊಡೆತವಿಲ್ಲ, ಮದ್ದೂರಿಗೆ ಹೋಗಿ ಬರುವಾಗ ಒಂದು ಮೊಳ ಹೂ ಮರೆಯುವ ಪೈಕಿಯಲ್ಲ. ಆದರೆ ಆ ಕೈ! ಉಗುರಿನ ಸಂದಿಯಲ್ಲಿ ಸದಾ ಗ್ರೀಸು, ಬೆರಳ ತುದಿಯಲ್ಲಿ ಸುಟ್ಟ ಕಲೆ, ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ತುಂಡು ತಂತಿ. ಯಾವುದೇ ಯಂತ್ರ ತನ್ನ ಪಾಡಿಗೆ ತಾನು ನಡೆಯುತ್ತಿದ್ದರೆ ಆ ಕೈಗೆ ನವೆ ಹತ್ತುತ್ತದೆ. ಮುಚ್ಚಳ ಬಿಚ್ಚಬೇಕು, ಯಾರೋ ಬುದ್ಧಿ ಇದ್ದವರು ಇಷ್ಟು ಸಾಕು ಎಂದು ಒಳಗಿಟ್ಟ ತಡೆಯನ್ನು ಕಿತ್ತು ಹಾಕಬೇಕು, ಅದರ ಕೈಲಿ ಇನ್ನಷ್ಟು ಗೇಯಿಸಬೇಕು. ಅಲ್ಲಿಯವರೆಗೆ ಚಲುವರಾಜುವಿಗೆ ಗಂಟಲಲ್ಲಿ ಮುದ್ದೆ ಇಳಿಯುವುದಿಲ್ಲ.

ಮನೆಯ ತುಂಬ ಅವನ ಕೈಗುಣದ ಗುರುತುಗಳಿವೆ. ನೀರು ಕಾಯಿಸುವ ಗೀಸರಿನಲ್ಲಿ ಕಾವು ಹೆಚ್ಚಾದರೆ ತಾನೇ ಆರಿಕೊಳ್ಳುವ ಒಂದು ಭಾಗ ಇತ್ತು. ಅದನ್ನು ತೆಗೆದು ನೇರ ತಂತಿ ಕೊಟ್ಟ. ಅವನ ತಾಯಿ ಚಿಕ್ಕಬೋರಮ್ಮನ ಪಾದದ ಚರ್ಮ ಸುಲಿದು ಬಂತು. ಬೇಳೆ ಬೇಗ ಬೇಯಲಿ ಎಂದು ಕುಕ್ಕರಿನ ವಿಷಲ್ಲಿಗೆ ದಪ್ಪ ಬೋಲ್ಟೊಂದನ್ನು ಕಟ್ಟಿದ. ಅಂದಿನ ಸಾರು ಇಂದಿಗೂ ಅಡುಗೆಮನೆಯ ತಾರಸಿಯಲ್ಲಿ ಹಳದಿ ಮಚ್ಚೆಯಾಗಿ ಕೂತಿದೆ. ಅಮೃತ ರೊಟ್ಟಿ ತಟ್ಟುವಾಗೆಲ್ಲ ತಲೆ ಎತ್ತಿ ಅದನ್ನು ನೋಡಿ ಥೂ ಎನ್ನುತ್ತಾಳೆ.

ಊರಲ್ಲಿ ಕೇಳಿ ನೋಡಿ, ಬೇರೆಯೇ ಕಥೆ. ಚಿಕ್ಕರಸಿನಕೆರೆಯ ಆಸುಪಾಸಿನಲ್ಲಿ ಪಂಪ್‌ಸೆಟ್ ನಿಂತಿತೆಂದರೆ ಮೊದಲು ನೆನಪಾಗುವುದು ಚಲುವರಾಜು. ವೋಲ್ಟೇಜು ಕಡಿಮೆಯಾದಾಗ ಮೋಟರು ಸುಡದಿರಲಿ ಎಂದು ಸ್ಟಾರ್ಟರು ತಾನಾಗಿ ಬಿಟ್ಟುಕೊಳ್ಳುತ್ತದೆ. ಚಲುವರಾಜು ಹೋಗಿ ಅದರ ಸಂದಿಗೆ ಒಂದು ಬೇವಿನ ಕಡ್ಡಿ ತುರುಕುತ್ತಾನೆ. ಮೋಟರು ನರಳುತ್ತ ತಿರುಗುತ್ತದೆ, ಕಬ್ಬಿಗೆ ನೀರು ಹರಿಯುತ್ತದೆ, ಗದ್ದೆಯವನು ಕೈ ಮುಗಿಯುತ್ತಾನೆ. ವಾರ ಕಳೆದ ಮೇಲೆ ಮೋಟರಿನೊಳಗಿನ ತಂತಿಯ ಕಾಯಿಲು ಸುಟ್ಟು ಗಬ್ಬು ವಾಸನೆ ಬಂದಾಗ, ಅದೇ ಚಲುವರಾಜು ಮೋಟರನ್ನು ಬೈಕಿನ ಹಿಂದೆ ಕಟ್ಟಿಕೊಂಡು ಮದ್ದೂರಿಗೆ ವೈಂಡಿಂಗಿಗೆ ಒಯ್ಯುತ್ತಾನೆ. ಕೆಡಿಸಿದವನೂ ಅವನೇ, ಹೊತ್ತವನೂ ಅವನೇ, ಕೊನೆಗೆ ಒಳ್ಳೆಯವನೂ ಅವನೇ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಈ ಅಸಹ್ಯ ಎಲ್ಲಿ ಹುಟ್ಟಿತು ಎಂಬುದು ಅಮೃತಳಿಗೆ ಚೆನ್ನಾಗಿ ಗೊತ್ತು. ಅವಳು ಹಲಗೂರಿನ ಹುಡುಗಿ. ಮಳೆ ನೆಚ್ಚಿದ ಹೊಲದವರ ಮನೆ. ಈ ಊರಿಗೆ ಮದುವೆಯಾಗಿ ಬಂದ ವರ್ಷವೇ ನಾಲೆಯಲ್ಲಿ ನೀರು ಕಡಿಮೆ ಬಿಟ್ಟಿದ್ದರು. ಇವರದು ನಾಲೆಯ ಕೊನೆಯ ಭಾಗ. ಮೇಲಿನವರು ಕುಡಿದು, ತೊಳೆದು, ಉಳಿದದ್ದು ಇಲ್ಲಿಗೆ ಬರಬೇಕು. ಹೀಗಾಗಿ ಇಲ್ಲಿನವರ ತಲೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಎಲ್ಲೇ ಒಂದು ಮಿತಿ ಇರಲಿ, ಅದನ್ನು ಮೇಲೆ ಕೂತ ಯಾರೋ ಹೊಟ್ಟೆಕಿಚ್ಚಿಗೆ ಹಾಕಿದ್ದು. ತೂಬು ಎತ್ತುವ ಗಂಡಸು ಹುಟ್ಟಿದರೆ ಎಲ್ಲ ಸರಿಹೋಗುತ್ತದೆ. ಆ ವರ್ಷ ಆ ಗಂಡಸು ಚಲುವರಾಜು ಆಗಿದ್ದ. ಹಾರೆ ಕೊಟ್ಟು ತೂಬಿನ ಹಲಗೆ ಎತ್ತಿ ನಾಲೆಯ ನೀರನ್ನೆಲ್ಲ ಊರ ಗದ್ದೆಗಳಿಗೆ ತಿರುಗಿಸಿದ. ಊರ ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ತಂದರು.

ಎರಡು ವಾರ ಬಿಟ್ಟು ಮನೆ ಮುಂದೆ ಪಟ್ಟಲಮ್ಮ ಎಂಬ ಮುದುಕಿ ಬಂದು ನಿಂತಿದ್ದಳು. ಅವಳ ತುಂಡು ಗದ್ದೆ ಇವರಿಗಿಂತಲೂ ಕೆಳಗೆ. ಕೊನೆಗೂ ಒಂದು ಕೊನೆ ಇರುತ್ತದಲ್ಲ. ಒಣಗಿದ ಪೈರಿನ ಒಂದು ಹಿಡಿ ತಂದು ಜಗಲಿಯ ಮೇಲಿಟ್ಟು, ಬಾಗಿಲನ್ನೇ ನೋಡುತ್ತ ನಿಂತಳು. ಒಳಗೆ ಚಲುವರಾಜು ಊಟ ಮಾಡುತ್ತಿದ್ದ. "ಅವ್ಳೂ ಬೇಕಾರೆ ಎತ್ಕೊಳ್ಲಿ, ಯಾರ್ ಬ್ಯಾಡ ಅಂದೋರು?" ಎಂದು ನಕ್ಕು ಕೈ ತೊಳೆದ. ಹೊಸ ಹೆಂಡತಿ ಬಾಗಿಲಲ್ಲಿ ನಿಂತು ಮುದುಕಿಯನ್ನೂ ನೋಡಿದಳು, ತೊಳೆಯುತ್ತಿದ್ದ ಆ ಕೈಯನ್ನೂ ನೋಡಿದಳು. ಅಂದಿನಿಂದ ಅವಳ ಹೊಟ್ಟೆಯಲ್ಲಿ ಒಂದು ಹೇಸಿಗೆ ಕೂತುಬಿಟ್ಟಿತು.

ಅವಳಿಗೆ ಆ ಮನೆಯಿಂದ ಹಗಲಿಗಾದರೂ ಹೊರಗೆ ಬೀಳಬೇಕಿತ್ತು. ಮಂಡ್ಯದಲ್ಲಿ ಕಂಪ್ಯೂಟರ್ ಕಲಿತವಳು, ಮದುವೆಯ ವಿಡಿಯೋ ಕತ್ತರಿಸಿ ಜೋಡಿಸುವ ಕೆಲಸ ಬರುತ್ತಿತ್ತು. ಮದ್ದೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ನಾಗರಾಜು ಎಂಬುವನ ಟೀ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದಳು. ಮಂಡ್ಯದ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಹಸೀಬ್ ಅವಳಿಗೆ ಒಂದು ಕಂಪ್ಯೂಟರ್ ಪೆಟ್ಟಿಗೆ ಜೋಡಿಸಿಕೊಟ್ಟ. ಪ್ರೊಸೆಸರು ಒಳ್ಳೆಯದು, ಹಳೆಯದಾದರೂ ಗಟ್ಟಿ ಚಿಪ್ಪು. ಅದನ್ನು ಕೂರಿಸಿದ ಮದರ್‌ಬೋರ್ಡು ಮಾತ್ರ ಸಾಧಾರಣದ್ದು.

"ಈ ಬೋರ್ಡು ಜಾಸ್ತಿ ಓಡಲ್ಲ ಅಮೃತಮ್ಮ," ಎಂದಿದ್ದ ಹಸೀಬ್. "ಆದ್ರೆ ಕೈ ಕೊಡಲ್ಲ. ನಿಧಾನಕ್ಕೆ ಹೋಗಿ, ಹತ್ತು ವರ್ಷ ಬರುತ್ತೆ."

ಅತ್ತೆ ಚಿಕ್ಕಬೋರಮ್ಮ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಕೊಟ್ಟಿಗೆಯಲ್ಲಿ ಹಸುಗಳಿದ್ದವು, ಸೆಗಣಿ ಬಾಚುವುದಕ್ಕೆ ಜನ ಬೇಕಿತ್ತು. ಸೊಸೆ ಅಂಗಡಿಗೆ ಹೋದರೆ ಆ ಕೆಲಸ ಮುದುಕಿಯ ಸೊಂಟಕ್ಕೆ. "ಓಗು, ಬ್ಯಾಡ ಅನ್ನಾಕಿಲ್ಲ," ಎಂದಳು ಮುದುಕಿ. "ಆದ್ರೆ ಆ ಪೆಟ್ಗೆ ನಿನ್ ಕೈಲಿ ಕೆಟ್ಟ ದಿನ ಬಾಗ್ಲು ಎಳ್ಕೊಂಡು ಬಂದ್ಬುಡು. ಇನ್ನೊಂದ್ ತರ್ತೀನಿ, ಮತ್ತೊಂದ್ ತರ್ತೀನಿ ಅಂತ ನನ್ ಮುಂದೆ ನಿಂತ್ಕಬ್ಯಾಡ." ಚಿಕ್ಕಬೋರಮ್ಮ ಒಂದು ಮಾತು ಆಡಿದರೆ ಆಡಿದಳು. ಹಾಗಾಗಿ ಅಮೃತಳ ಪಾಲಿಗೆ ಆ ಪೆಟ್ಟಿಗೆ ಇದ್ದರೆ ಅಂಗಡಿ ಇತ್ತು, ಅದು ಹೋದರೆ ಸೆಗಣಿ ಬುಟ್ಟಿ ಕಾದಿತ್ತು. ಅವಳು ಅದರ ಮೇಲೆ ಬಟ್ಟೆ ಹೊದಿಸಿ ಮಲಗಿಸುತ್ತಿದ್ದಳು, ಧೂಳು ಊದಿ ಎಬ್ಬಿಸುತ್ತಿದ್ದಳು.

ಪೆಟ್ಟಿಗೆಗೆ ಇದ್ದದ್ದು ಒಂದೇ ದೋಷ, ನಿಧಾನ. ಚಪ್ಪರ, ಧಾರೆ, ಆರತಕ್ಷತೆ ಎಲ್ಲವನ್ನೂ ಕತ್ತರಿಸಿ ಹಾಡು ಸೇರಿಸಿದ ಮೇಲೆ, ಅದೆಲ್ಲ ಒಂದೇ ಸಿನಿಮಾ ಆಗಿ ಹೊರಬರಬೇಕು. ಅದಕ್ಕೆ ರೆಂಡರಿಂಗ್ ಎನ್ನುತ್ತಾರೆ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಬಸವನ ಹುಳುವಿನ ಹಾಗೆ ತೆವಳುತ್ತದೆ. ಬೆಳಿಗ್ಗೆ ಹಚ್ಚಿದರೆ ಸಂಜೆ. ಅಮೃತಳಿಗೆ ಅದರಿಂದ ಬೇಸರವಿರಲಿಲ್ಲ. ಆ ಹೊತ್ತಿನಲ್ಲಿ ಆಲ್ಬಮ್ಮಿನ ಪುಟ ಜೋಡಿಸುತ್ತಿದ್ದಳು, ಕಿಟಕಿಯಲ್ಲಿ ಬಸ್ಸು ನೋಡುತ್ತಿದ್ದಳು, ಸುಮ್ಮನೆ ಕೂತಿರುತ್ತಿದ್ದಳು. ಸುಮ್ಮನೆ ಕೂರುವುದು ಎಂಥ ಸುಖ ಎಂದು ಆ ಮನೆಯ ಸೊಸೆಗಲ್ಲದೆ ಇನ್ನಾರಿಗೆ ಗೊತ್ತು?

ಬೇಸರವಾದದ್ದು ಚಲುವರಾಜುವಿಗೆ. ಒಂದು ದಿನ ಊಟದ ಡಬ್ಬಿ ಕೊಡಲು ಬಂದವನು ಆ ಹಸಿರು ಪಟ್ಟಿಯನ್ನು ಕಂಡ. ಕೈಗೆ ನವೆ ಹತ್ತಿತು. ಅಂದಿನಿಂದ ಫೋನಿನಲ್ಲಿ ಒಂದೇ ಸಮ ವಿಡಿಯೋ ನೋಡತೊಡಗಿದ. ಯಾವ ಯಾವ ದೇಶದವರೋ ಪ್ರೊಸೆಸರಿನ ವೇಗ ಏರಿಸುವ ಪರಿಯನ್ನು ತೋರಿಸುತ್ತಿದ್ದರು. ಭಾಷೆ ಅವನಿಗೆ ತಿಳಿಯದು, ಕೈ ತಿಳಿಯುತ್ತಿತ್ತು. ಒಂದು ಮಧ್ಯಾಹ್ನ ಬಂದು ಅಮೃತ ಊಟ ಮಾಡುವಷ್ಟರಲ್ಲಿ ಪೆಟ್ಟಿಗೆಯ ಸೆಟ್ಟಿಂಗಿಗೆ ಹೋಗಿ ವೇಗವನ್ನು ಒಂದು ಮೆಟ್ಟಿಲು ಏರಿಸಿಯೇಬಿಟ್ಟ. ಪರದೆ ನೀಲಿಯಾಗಿ ಪೆಟ್ಟಿಗೆ ಸತ್ತ ಹಾಗೆ ನಿಂತಿತು. ಅಮೃತಳ ಕೈಯಲ್ಲಿದ್ದ ತುತ್ತು ಡಬ್ಬಿಗೆ ಬಿತ್ತು.

ಮತ್ತೆ ಮೊದಲಿನ ವೇಗಕ್ಕೆ ತಂದಾಗ ಅದು ಎದ್ದಿತು. ಚಲುವರಾಜು ಮಾತ್ರ ಗಹನವಾದ ಸತ್ಯ ಕಂಡವನಂತೆ ಹುಬ್ಬೇರಿಸಿ ಕೂತಿದ್ದ.

"ಚಿಪ್ಪಲ್ಲಿ ತಾಕತ್ತದೆ ಕಣಮ್ಮಿ. ಜೋರಾಗಿ ಓಡ್ಬೇಕು ಅಂದ್ರೆ ಅದ್ಕೆ ವೋಲ್ಟೇಜು ಜಾಸ್ತಿ ಬೇಕು. ಈ ಬೋರ್ಡು ಕೊಡಾಕಿಲ್ಲ ಅಂತದೆ. ಇಷ್ಟ್ರ ಮೇಲೆ ಒಂದ್ ಚೂರೂ ಬುಡಾಕಿಲ್ಲ ಅಂತ ಕಂಪ್ನಿಯೋರು ತೂಬಿಗೆ ಬೀಗ ಜಡ್ದವ್ರೆ."

"ಯಾಕ್ ಜಡ್ದವ್ರೋ ಅವ್ರಿಗೆ ಗೊತ್ತು. ನಿಮ್ ದಮ್ಮಯ್ಯ, ಇದ್ನ ಮುಟ್ಟಬ್ಯಾಡಿ. ಇದು ಮೋಟ್ರಲ್ಲ."

"ಎಲ್ಲಾ ಕರೆಂಟೇ ಕಣಮ್ಮಿ. ಜಾಸ್ತಿ ಕಾಸಿನ್ ಬೋರ್ಡು ಮಾರ್ಬೇಕಲ್ಲ, ಅದ್ಕೆ ಬಡವ್ರ ಬೋರ್ಡಿಗೆ ಕಟ್ಟೆ ಕಟ್ಟವ್ರೆ. ಮೇಲಿನ್ ನಾಲೆಯೋರ ಬುದ್ಧಿ ಎಲ್ಲೋದ್ರೂ ಒಂದೇಯ."

ಅವನ ಮಾತಿನಲ್ಲಿ ಸುಳ್ಳು ಪೂರಾ ಇರಲಿಲ್ಲ. ಅದೇ ಅವನ ಮಾತಿನ ಅಪಾಯ. ಆದರೆ ಆ ಸಾಧಾರಣ ಬೋರ್ಡಿನಲ್ಲಿ ವೋಲ್ಟೇಜು ಇಳಿಸಿ ಕೊಡುವ ಪುಟ್ಟ ಭಾಗಗಳು ಕಡಿಮೆ ಇದ್ದವು, ಅವುಗಳ ಕಾವು ಹೀರಲು ಮೇಲೆ ಲೋಹದ ತಟ್ಟೆಯೂ ಇರಲಿಲ್ಲ. ಇಷ್ಟೇ ಹೊರುವೆ ಎಂದು ಅದು ಹೇಳಿದ್ದು ಜಿಪುಣತನಕ್ಕಲ್ಲ, ಬೆನ್ನು ಅಷ್ಟೇ ಇತ್ತು. ನಾಲೆಯ ಕೊನೆಯಲ್ಲಿ ಹುಟ್ಟಿ ಬೆಳೆದವನಿಗೆ ಅದು ಹೊಳೆಯಲಿಲ್ಲ. ಹೊಳೆಯುವಂತೆಯೂ ಇರಲಿಲ್ಲ.

ಅಮೃತ ಅಣ್ಣನ ಮಗುವಿನ ನಾಮಕರಣಕ್ಕೆ ಹಲಗೂರಿಗೆ ಹೋದ ಭಾನುವಾರ ಅವನು ಅಂಗಡಿಯ ಬೀಗ ತೆಗೆದ. ಬೋರ್ಡಿನಲ್ಲಿ ವೋಲ್ಟೇಜು ಎಷ್ಟಿದೆ ಎಂದು ಅಳೆಯುವ ದಾರಿಯಲ್ಲಿ ಕರೆಂಟನ್ನು ಅಳತೆಯಾಗಿ ತಡೆಯುವ, ಎಳ್ಳುಕಾಳಿನಷ್ಟು ಚಿಕ್ಕ ರೆಸಿಸ್ಟರ್ ಒಂದಿತ್ತು. ಅದರ ಬೆನ್ನಿನ ಮೇಲೆ ಪೆನ್ಸಿಲಿನಿಂದ ಮೆಲ್ಲಗೆ ಗೀಚಿದ. ಪೆನ್ಸಿಲಿನ ಸೀಸದಲ್ಲಿ ಕರೆಂಟು ಒಂದಿಷ್ಟು ಪಕ್ಕದಿಂದ ನುಸುಳುತ್ತದೆ, ಅಳತೆ ತಪ್ಪುತ್ತದೆ, ಅಯ್ಯೋ, ಚಿಪ್ಪಿಗೆ ಕಡಿಮೆ ಕೊಡುತ್ತಿದ್ದೇನೆ ಎಂದು ಬೋರ್ಡು ಭ್ರಮಿಸಿ ಇನ್ನಷ್ಟು ಕೊಡುತ್ತದೆ. ಆ ಬಲದ ಮೇಲೆ ವೇಗವನ್ನೂ ಒಂದು ಮೆಟ್ಟಿಲು ಏರಿಸಿದ. ಬೇಡವೆಂದರೆ ಗೀರನ್ನು ರಬ್ಬರಿನಲ್ಲಿ ಒರೆಸಿದರಾಯಿತು. ಬೀಗ ಮುರಿಯಲಿಲ್ಲ, ತಂತಿ ಬೆಸೆಯಲಿಲ್ಲ. ಶಾಲೆಯ ಮಗು ಗೀಚುವ ಪೆನ್ಸಿಲಿನಲ್ಲಿ ಆ ಬಡಪಾಯಿ ಬೋರ್ಡಿಗೆ ಸುಳ್ಳು ಹೇಳಿಬಿಟ್ಟ.

ಸೋಮವಾರ ವಿಷಯ ತಿಳಿದಾಗ ಅಮೃತಳಿಗೆ ಕಣ್ಣು ಕಾಣದವರ ತಟ್ಟೆಯಿಂದ ಮುದ್ದೆ ಎತ್ತಿಕೊಂಡಂತೆ ಎನಿಸಿತು. "ಮಾನ ಇಲ್ವಾ ನಿಮ್ಗೆ? ನಂದು ಅಂತ ಇದ್ದುದ್ದು ಇದೊಂದೇ. ಇದ್ಕೂ ಕೈ ಆಕುದ್ರಲ್ಲ!" ಎಂದು ಬೀದಿಗೆ ಕೇಳುವ ಹಾಗೆ ಕೂಗಾಡಿದಳು. ಚಲುವರಾಜು ಹಿಂದಿನ ವಾರದ ಮದುವೆಯೊಂದನ್ನು ರೆಂಡರಿಂಗಿಗೆ ಹಚ್ಚಿ ಕೈಕಟ್ಟಿ ನಿಂತ.

ಹಸಿರು ಪಟ್ಟಿ ತೆವಳಲಿಲ್ಲ, ನಡೆಯಿತು. ನಾಗರಾಜು ಟೀ ತಂದು, ಅದು ಆರಿ, ಖಾಲಿ ಲೋಟಕ್ಕೆ ಮತ್ತೆ ಬರುವಷ್ಟರಲ್ಲಿ ಪಟ್ಟಿ ಎರಡು ಬೆರಳು ಮುಂದೆ ಸರಿದಿತ್ತು. ಅಮೃತ ಕುರ್ಚಿ ಎಳೆದು ಪರದೆಯ ಮುಂದೆ ಕೂತಳು. ರಬ್ಬರು ಮೇಜಿನ ಮೇಲೆಯೇ ಇತ್ತು. ಒಂದು ಸಲ ತಿಕ್ಕಿದ್ದರೆ ಎಲ್ಲ ಮೊದಲಿನಂತಾಗುತ್ತಿತ್ತು. ಅವಳು ರಬ್ಬರನ್ನು ಎತ್ತಿ ಡ್ರಾಯರಿನೊಳಗೆ ಹಾಕಿದಳು.

ಅಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ಅವಳಿಗೆ ತನ್ನ ಮೇಲೆಯೇ ಹೇಸಿಗೆ. ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದೇ ಇಟ್ಟರು, ಒಳಗಿನ ಕಾವಿಗೆ ಟೇಬಲ್ ಫ್ಯಾನು ತಿರುಗಿಸಿದರು. ಚಲುವರಾಜು ಊರವರನ್ನು ಒಬ್ಬೊಬ್ಬರಾಗಿ ಕರೆತಂದು ತೋರಿಸಿದ. "ನೋಡ್ಲಾ, ಪೆನ್ಸಿಲಲ್ಲಿ ತೂಬು ಎತ್ತಿವ್ನಿ!" ಬಂದವರು ಒಳಗೆ ಇಣುಕಿ ಏನೂ ಅರ್ಥವಾಗದೆ ಭಲೇ ಎಂದು ಹೋದರು. ಬಾಯಲ್ಲಿ ಬೈಯುತ್ತಿದ್ದ ಅಮೃತ ಕೈಯಲ್ಲಿ ಹೊಸ ಮದುವೆಗಳನ್ನು ಒಪ್ಪಿಕೊಳ್ಳುತ್ತಿದ್ದಳು. ಮೊದಲು ವಾರಕ್ಕೊಂದು ಎಂದವಳು ಈಗ ಬಂದದ್ದಕ್ಕೆಲ್ಲ ಹೂಂ ಎಂದಳು. ಕಿಟಕಿಯಲ್ಲಿ ಬಸ್ಸು ನೋಡುವ ಹೊತ್ತು ಹೋಯಿತು. ಯಾವ ಕೈ ಕಂಡರೆ ಮೈ ಉರಿಯುತ್ತಿತ್ತೋ ಆ ಕೈಯ ಸುಳ್ಳಿನ ಮೇಲೆ ಅಂಗಡಿ ಕೊಬ್ಬುತ್ತಿತ್ತು.

ನಡುವೆ ಒಂದು ದಿನ ಚಲುವರಾಜು ಬೋರ್ಡಿನ ಪುಟ್ಟ ಭಾಗಗಳ ಮೇಲೆ ಬೆರಳಿಟ್ಟು ಚಟ್ಟನೆ ತೆಗೆದ. "ಇನ್ ಇದ್ರ ಮೇಲೆ ಬ್ಯಾಡ ಕಣಮ್ಮಿ. ಸುಡ್ತದೆ. ಇಷ್ಟೇಯ ಇದ್ರ ಬಾಳು," ಎಂದ. ಹುಟ್ಟಿದಾಗಿನಿಂದ ಇಷ್ಟೇ ಎಂಬ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಅಮೃತ ನಕ್ಕುಬಿಟ್ಟಳು.

ಮಳವಳ್ಳಿಯ ಒಬ್ಬ ಕಂಟ್ರಾಕ್ಟರು ಚಿಕ್ಕಣ್ಣ ಎಂಬುವರ ಮಗಳು ದೀಪಿಕಳ ಮದುವೆ ಬಂತು. ನಮ್ಮ ಕಡೆ ಮದುವೆಗಿಂತ ಬೀಗರ ಊಟ ದೊಡ್ಡದು. ಮದುವೆಯಲ್ಲಿ ಸೊಪ್ಪುಸದೆ ತಿಂದವರೆಲ್ಲ ಬಾಡೂಟಕ್ಕೆ ಸೇರುವ ದಿನ ಅದು. ಈಚೆಗೆ ಅಲ್ಲೊಂದು ಹೊಸ ಚಾಳಿ. ಪಂಕ್ತಿ ಏಳುವಷ್ಟರಲ್ಲಿ ದೊಡ್ಡ ಎಲ್‌ಇಡಿ ಪರದೆಯ ಮೇಲೆ ಮದುವೆಯ ಸಿನಿಮಾ ಓಡಬೇಕು. ಬುಧವಾರ ಮದುವೆ, ಭಾನುವಾರ ಬೀಗರ ಊಟ. ಅದನ್ನು ಕಂಡು ಜನ ಮೆಚ್ಚಿದರೆ ಮಳವಳ್ಳಿ ಕಡೆಯ ಕೆಲಸವೆಲ್ಲ ಅಮೃತಳ ಅಂಗಡಿಗೆ ಎಂದು ಚಿಕ್ಕಣ್ಣ ಹೇಳಿದ್ದರು.

ಶನಿವಾರ ಬೆಳಿಗ್ಗೆ ಎಲ್ಲ ಮುಗಿದಿತ್ತು. ಆಗ ಚಿಕ್ಕಣ್ಣನವರ ಫೋನು. ಹುಡುಗಿಯ ಸೋದರತ್ತೆಯರು ಕುಣಿದದ್ದು ಬಿಟ್ಟುಹೋಗಿದೆಯಂತೆ, ಅದು ಇಲ್ಲದಿದ್ದರೆ ಅವರು ಊಟಕ್ಕೇ ಬರುವುದಿಲ್ಲವಂತೆ. ಅಮೃತ ಅತ್ತೆಯರನ್ನು ಮನಸ್ಸಿನಲ್ಲೇ ಶಪಿಸುತ್ತ ಆ ಕುಣಿತ ಸೇರಿಸಿದಳು. ಹಿಂದಿನದನ್ನು ಅಳಿಸಿ ಮತ್ತೆ ಮೊದಲಿನಿಂದ ರೆಂಡರಿಂಗ್. ಎಲ್‌ಇಡಿ ಪರದೆಯವನು ಸಂಜೆ ಮಳವಳ್ಳಿ ಬಸ್ಸು ಬಿಡುವುದರೊಳಗೆ ಪೆನ್‌ಡ್ರೈವ್ ಬೇಕು ಎಂದಿದ್ದ. ಹಸಿರು ಪಟ್ಟಿ ಓಡುತ್ತಿತ್ತು, ಆದರೆ ಸಾಲದು. ಒಂದು ಕಾಲಕ್ಕೆ ಸುಖವಾಗಿದ್ದ ಆ ನಿಧಾನ ಈಗ ಅವಳ ಎದೆಯ ಮೇಲೆ ಕೂತು ತುಳಿಯುತ್ತಿತ್ತು. ಚಲುವರಾಜು ಹಲಗೂರಿನಾಚೆ ಯಾರದೋ ಬೋರ್‌ವೆಲ್ಲಿನಿಂದ ಪಂಪು ಎತ್ತಲು ಹೋಗಿದ್ದ, ಫೋನಿಗೆ ಸಿಗಲಿಲ್ಲ.

ಸಿಕ್ಕಿದ್ದರೂ ಅವನು ಬೇಡ ಎನ್ನುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಆ ಗೊತ್ತಿನ ಮೇಲೆಯೇ ಅವಳು ರೆಂಡರಿಂಗ್ ನಿಲ್ಲಿಸಿ, ಸೆಟ್ಟಿಂಗಿಗೆ ಹೋಗಿ, ಅವನು ಮಾಡುವುದನ್ನು ನೋಡಿ ಕಲಿತಂತೆ ವೇಗವನ್ನು ಇನ್ನೊಂದು ಮೆಟ್ಟಿಲು ಏರಿಸಿದಳು. ಪರದೆ ನೀಲಿಯಾಯಿತು. ವೋಲ್ಟೇಜು ಸಾಲದು. ಡ್ರಾಯರು ಎಳೆದಳು. ಪೆನ್ಸಿಲ್ಲೂ ಅಲ್ಲೇ, ರಬ್ಬರೂ ಅಲ್ಲೇ. ಪೆಟ್ಟಿಗೆ ಆರಿಸಿ, ಮಂಡಿಯೂರಿ, ಆ ಎಳ್ಳುಕಾಳನ್ನು ಹುಡುಕಿ ಗೀಚಿದಳು. ಮೆಲ್ಲಗೆ ಅಲ್ಲ. ಸಿಟ್ಟಿನಲ್ಲಿ ಗೀಚುವ ಹಾಗೆ, ಮತ್ತೆ ಮತ್ತೆ, ಬೆರಳೆಲ್ಲ ಕಪ್ಪಾಗುವವರೆಗೆ. ಪೆಟ್ಟಿಗೆ ಎದ್ದಿತು. ಪಟ್ಟಿ ಕುದುರೆಯಾಯಿತು. ಅವಳ ಮೈ ಜುಮ್ಮೆಂದಿತು. ಹೆಗಲ ಮೇಲೆ ಹೊತ್ತು ತಂದ ದಿನ ಅವನಿಗೂ ಹೀಗೇ ಆಗಿತ್ತೇನೋ.

ಪಟ್ಟಿ ಅರ್ಧ ದಾಟಿದ ಮೇಲೆ ಒಳಗೆ ಪಟ್ ಎಂದಿತು. ಪರದೆ ಕಪ್ಪಾಯಿತು. ಫ್ಯಾನಿನ ಗಾಳಿಯಲ್ಲಿ ಒಂದು ವಾಸನೆ ಅವಳ ಮುಖಕ್ಕೇ ಬಡಿಯಿತು. ಸುಟ್ಟ ಮೋಟರಿನ ವಾಸನೆಯ ತಮ್ಮ, ಗಂಟಲಿಗೆ ಅಂಟುವಂಥದ್ದು, ಸಿಹಿ ಬೆರೆತ ಗಬ್ಬು. ಇಷ್ಟು ವರ್ಷ ಗಂಡನ ಅಂಗಿಯಲ್ಲಿ ಆ ವಾಸನೆ ಬಂದಾಗ ಅವಳು ಅಂಗಿಯನ್ನು ಕಾಲಿನಿಂದ ತಳ್ಳುತ್ತಿದ್ದಳು. ಈಗ ಅದು ತನ್ನ ಸೀರೆಯಲ್ಲಿತ್ತು. ಮೋರಿಯ ಹತ್ತಿರ ಓಡಿ ತಿಂದದ್ದನ್ನೆಲ್ಲ ಕಕ್ಕಿದಳು.

ಚಲುವರಾಜು ಬಂದಾಗ ಅವಳು ಮೂಲೆಯಲ್ಲಿ ಕೂತಿದ್ದಳು. ಅವನು ವಾಸನೆ ಹಿಡಿದು ನೇರ ಪೆಟ್ಟಿಗೆಯ ಮುಂದೆ ಕೂತ. ಟಾರ್ಚು ಬಿಟ್ಟು ಬೋರ್ಡು ನೋಡಿದ. ಸಾಲಾಗಿದ್ದ ಪುಟ್ಟ ಭಾಗಗಳಲ್ಲಿ ಒಂದು ಸೀಳಿ ಸುತ್ತ ಮಸಿ ಹಿಡಿದಿತ್ತು. ಬಹಳ ಹೊತ್ತು ಅವನ ಟಾರ್ಚು ಆ ರೆಸಿಸ್ಟರಿನ ಮೇಲೆಯೇ ನಿಂತಿತ್ತು. ತಾನು ಗೀಚಿದ್ದು ತೆಳು ಗೆರೆ. ಈಗ ಅಲ್ಲಿ ಕಾಡಿಗೆ ಮೆತ್ತಿದ ಹಾಗಿತ್ತು. ಆಮೇಲೆ ಅವನು ಹೆಂಡತಿಯ ಬೆರಳು ನೋಡಿದ. ಹೆಗಲ ಟವೆಲ್ಲನ್ನು ಕುಡಿಯುವ ನೀರಿನಲ್ಲಿ ಅದ್ದಿ ಹಿಂಡಿ ಅವಳ ಮುಂದೆ ಹಿಡಿದ.

"ಬೆರಳು ಒರುಸ್ಕೊಳಮ್ಮಿ. ಮಂಡ್ಯಕ್ಕೆ ಓಗ್ಬೇಕು. ಹಸೀಬಣ್ಣ ನೋಡ್ತಾನೆ."

ಹಸೀಬನ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಅವನು ಕನ್ನಡಕ ಏರಿಸಿ ಬೋರ್ಡನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದ. ಮುಖ ಹುಳಿ ತಿಂದಂತಾಯಿತು.

"ಯಾರಪ್ಪಾ ಇದನ್ನ ಗೀಚಿದ್ದು? ರಂಗೋಲಿ ಬಿಟ್ಟಿದ್ದಾರಲ್ಲ!"

ಅಮೃತ ಬಾಯಿ ತೆರೆದಳು. "ನಾನೇ ಕಣಣ್ಣೋ," ಎಂದ ಚಲುವರಾಜು, ಅವಳಿಗಿಂತ ಮೊದಲು.

ಹಸೀಬ್ ಅವನ ಜನ್ಮ ಜಾಲಾಡಿದ. ಬೋರ್ಡು ಹೋಯಿತು, ಚಿಪ್ಪೂ ಹೋಯಿತು, ವಿಡಿಯೋ ಇದ್ದ ಡಿಸ್ಕು ಉಳಿದದ್ದು ದೇವರ ದಯೆ ಎಂದ. "ಹತ್ತು ವರ್ಷ ಬರೋ ಸಾಮಾನು ಕೊಟ್ಟೆ. ಈ ಹೆಣ್ಣುಮಗಳ ಅನ್ನಕ್ಕೆ ಮಣ್ಣು ಹಾಕಿದ್ಯಲ್ಲಯ್ಯಾ, ನಾಚಿಕೆ ಆಗ್ಬೇಕು ನಿನಗೆ!" ಗಿರಾಕಿಗಳೆಲ್ಲ ತಿರುಗಿ ಚಲುವರಾಜುವನ್ನು ನೋಡಿದರು. ಒಬ್ಬಾಕೆ ಅಮೃತಳತ್ತ ನೋಡಿ ಲೊಚಗುಟ್ಟಿದಳು. ಅಮೃತ ನೆಲ ನೋಡುತ್ತ ನಿಂತಳು. ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಲೊಚಗುಟ್ಟುವಿಕೆ ಅವಳಿಗೆ ಬೆಚ್ಚಗೆ ಹಿತವಾಗಿತ್ತು.

ಬೀಗರ ಊಟದ ಪರದೆಯ ಮೇಲೆ ಗಂಡುಹೆಣ್ಣಿನ ಒಂದು ಫೋಟೋ ಮಾತ್ರ ನಿಂತಿತ್ತಂತೆ. ಸಿನಿಮಾ ಮುಂದಿನ ವಾರ ಹಸೀಬನ ಅಂಗಡಿಯ ಯಂತ್ರದಲ್ಲಿ ತಯಾರಾಗಿ ಹೋಯಿತು. "ಉಂಡು ಎದ್ಮೇಲೆ ಎಲೆ ಆಕ್ದಂಗಾಯ್ತು ಕಣಮ್ಮ," ಎಂದರು ಚಿಕ್ಕಣ್ಣ. ಮಳವಳ್ಳಿ ಕಡೆಯ ಕೆಲಸದ ಮಾತು ಅಲ್ಲಿಗೆ ಮುಗಿಯಿತು.

ನಿಜವಾದ ವಿಚಾರಣೆ ಮನೆಯ ಜಗಲಿಯ ಮೇಲೆ ನಡೆಯಿತು. ಚಿಕ್ಕಬೋರಮ್ಮ ಸುದ್ದಿ ಕೇಳಿದವಳೇ ಸೊಸೆಯ ಕಡೆ ತಿರುಗಿದಳು. ಆಡಿದ ಮಾತು ಅವಳಿಗೂ ನೆನಪಿತ್ತು, ಇವಳಿಗೂ ನೆನಪಿತ್ತು. ಕೊಟ್ಟಿಗೆಯಿಂದ ಸೆಗಣಿಯ ವಾಸನೆ ಬರುತ್ತಿತ್ತು.

"ಅವ್ಳೇನೂ ಮಾಡ್ನಿಲ್ಲ ಕಣವ್ವ," ಎಂದ ಚಲುವರಾಜು. "ಬ್ಯಾಡ ಬ್ಯಾಡ ಅಂತ ಬಡ್ಕಂಡ್ಳು. ನಾನೇ ಕೇಳ್ನಿಲ್ಲ. ನಾನೇ ಕೆಡುಸ್ದೆ."

ಮುದುಕಿ ಮಗನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಸುಟ್ಟ ಪಾದದಿಂದ ಹಿಡಿದು ತಾರಸಿಯ ಮಚ್ಚೆಯವರೆಗೆ ಎಲ್ಲವನ್ನೂ ತೆಗೆದಳು. ಪೊರಕೆಯಲ್ಲಿ ಎರಡು ಬಾರಿಸಿದಳು ಕೂಡ. ನಲವತ್ತು ದಾಟಿದ ಗಂಡಸು ತಲೆ ತಗ್ಗಿಸಿ ಏಟು ತಿಂದ. ಅಮೃತ ಕಂಬ ಹಿಡಿದು ನಿಂತಿದ್ದಳು. ಇನ್ನು ಸುಮ್ಮನಿರಬಾರದು ಎಂದುಕೊಂಡು "ಅತ್ತೆ" ಎಂದಳು. ಆಗ ಮುದುಕಿ ಪೊರಕೆ ಎಸೆದು, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು.

"ನನ್ ಮಗನೇ ಕೆಡ್ಸಿರುವಾಗ ಅಂಗ್ಡಿ ಮುಚ್ಚು ಅನ್ನಾಕೆ ನಂಗೆ ಬಾಯಿಲ್ಲ ಕಣ್ ಮಗ. ಕೊಟ್ಗೇಲಿ ನಾನ್ ಸಾಕಿರೋ ಆ ಕಡ್ಸು ಮಾರ್ಬುಡಾವ. ಇನ್ನೊಂದ್ ಪೆಟ್ಗೆ ತಂದ್ಕೊ. ಈ ಮುಂಡೇದು ಮಾತ್ರ ಆ ಮೆಟ್ಲು ಅತ್ತಕೂಡ್ದು."

ಅಮೃತಳ ತೆರೆದ ಬಾಯಿ ಮುಚ್ಚಿಕೊಂಡಿತು. ಏನೋ ಹೇಳಲು ಹೊರಟೆಯಲ್ಲ ಎಂದು ಅತ್ತೆ ಕೇಳಿದಾಗ, "ಏನಿಲ್ಲ ಅತ್ತೆ, ಒಡೀಬ್ಯಾಡಿ ಅಂತ ಅಷ್ಟೆ," ಎಂದಳು. ಮುದುಕಿ ಸೊಸೆಯ ತಲೆ ನೇವರಿಸಿದಳು. ಆ ಒರಟು ಅಂಗೈ ಕೂದಲ ಮೇಲೆ ಓಡಿದಾಗ ಅಮೃತಳಿಗೆ ಮೈಯೆಲ್ಲ ಹುಳ ಹರಿದಂತಾಯಿತು.

ಸಂಜೆ ಹಿತ್ತಲಲ್ಲಿ ಗಂಡ ಒಬ್ಬನೇ ಸಿಕ್ಕಾಗ ಕೇಳಿದಳು. "ಯಾಕೆ ಹಂಗಂದ್ರಿ? ನಾನೇ ಅಂತ ಗೊತ್ತಿತ್ತಲ್ಲ."

"ಏಳಿದ್ರೆ ಅಂಗ್ಡಿ ಮುಚ್ಚುಸ್ತಿದ್ಲು." ಅವನು ಕೈ ತೊಳೆಯುತ್ತಿದ್ದ. "ನನ್ ಎಸ್ರು ಎಂಗೂ ಕೆಟ್ಟೋಗದೆ. ಅದ್ರ ಮ್ಯಾಲೆ ಇನ್ನೊಂದ್ ಬಿದ್ರೆ ಯಾರ್ಗೆ ಕಾಣ್ತದೆ?" ಟವೆಲ್ಲಿಗೆ ಕೈ ಒರೆಸುತ್ತ, "ಅಷ್ಟ್ ಒ‌ತ್ತಿ ಗೀಚ್ಬಾರ್ದಿತ್ತು ಕಣಮ್ಮಿ," ಎಂದ. ಬೈದದ್ದಲ್ಲ. ಕೆಲಸ ಕಲಿಯುವವರಿಗೆ ಹೇಳುವ ಹಾಗೆ ಹೇಳಿದ.

ಬೋರ್ಡಿಗೆ ಹೇಳಿದ ಸುಳ್ಳನ್ನೇ ಅವನು ಹೆತ್ತವ್ವನಿಗೂ ಹೇಳಿದ್ದ. ಅವಳೂ ನಂಬಿ, ಕೊಡಲಾರದ್ದನ್ನು ಕೊಟ್ಟಿದ್ದಳು. ಅಮೃತಳಿಗೆ ಇದು ಹೊಳೆಯಿತು. ಇವತ್ತೇ, ಈಗಲೇ ಒಳಗೆ ಹೋಗಿ ಅತ್ತೆಗೆ ಹೇಳಿಬಿಟ್ಟರೆ ಕಡಸು ಉಳಿಯುತ್ತದೆ, ಅವನ ಬೆನ್ನಿನ ಪೊರಕೆಯ ಬರೆಗೆ ಲೆಕ್ಕ ಸಿಗುತ್ತದೆ, ಅಂಗಡಿ ಹೋಗುತ್ತದೆ. ಅವಳು ಒಳಗೆ ಹೋದಳು. ಅತ್ತೆಗೆ ಮುದ್ದೆ ಬಡಿಸಿದಳು.

ಹೊಸ ಪೆಟ್ಟಿಗೆ ಬಂತು. ಬೋರ್ಡೂ ಒಳ್ಳೆಯದೇ, ವೇಗವೂ ಸಾಕಷ್ಟು. ಹಸೀಬ್ ಮುಚ್ಚಳಕ್ಕೆ ಸೀಲು ಅಂಟಿಸಿ ಕಳಿಸಿದ. ಊರಿನಲ್ಲಿ ಚಲುವರಾಜುವಿನ ಹೆಸರು ಇಳಿದಿತ್ತು. ಹೆಂಡತಿಯ ಅಂಗಡಿಯನ್ನೇ ಸುಟ್ಟವನಿಗೆ ಸ್ಟಾರ್ಟರು ಮುಟ್ಟಲು ಯಾರು ಬಿಡುತ್ತಾರೆ? ಅವನೂ ತಾಯಿಯ ಮಾತು ಮೀರಲಿಲ್ಲ. ಡಬ್ಬಿ ತಂದರೆ ಕೆಳಗೆ ಬೈಕಿನ ಮೇಲೆ ಕೂತೇ ಹಾರನ್ನು ಒತ್ತುತ್ತಿದ್ದ.

ಹಾಗೆ ಅವನು ಕೆಳಗಿದ್ದ ಒಂದು ಮಧ್ಯಾಹ್ನ ನಾಗರಾಜು ಟೀ ಲೋಟದೊಂದಿಗೆ ಮೇಲೆ ಬಂದ. ಅಂಗಡಿಯಲ್ಲಿ ಆಲ್ಬಮ್ಮಿಗೆ ಬಂದ ಹೆಂಗಸರಿಬ್ಬರು ಕೂತಿದ್ದರು. ನಾಗರಾಜು ಕಿಟಕಿಯಿಂದ ಕೆಳಗೆ ಬೆರಳು ತೋರಿಸಿ, ಅವರಿಗೂ ಕೇಳುವಂತೆ ಹೇಳಿದ.

"ಅಂಥೋನ್ ಕಟ್ಕೊಂಡು ಎಂಗ್ ಬಾಳ್ತಿದ್ದೀಯೋ ಕಣಮ್ಮ. ನಿನ್ ತಾಳ್ಮೆ ದೊಡ್ಡದು ಬುಡು."

ಹೆಂಗಸರು ಅಯ್ಯೋ ಪಾಪ ಎಂದರು. ಕಿಟಕಿ ತೆರೆದಿತ್ತು, ಬೀದಿಯಲ್ಲಿ ಬಸ್ಸಿನ ಸದ್ದಿರಲಿಲ್ಲ.

"ಏನ್ಮಾಡಾದು ನಾಗರಾಜಣ್ಣ, ನನ್ ಅಣೇಬರ," ಎಂದಳು ಅಮೃತ.

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅದನ್ನು ಎಷ್ಟೋ ಸಲ ಆಡಿದ್ದಳೇನೋ ಅನ್ನಿಸಬೇಕು. ಕೆಳಗೆ ಚಲುವರಾಜು ತಲೆ ಎತ್ತಿ ಕಿಟಕಿಯತ್ತ ನೋಡಿದ. ಹೌದು, ಹಾಗೇ ಅನ್ನು ಎಂಬಂತೆ ಒಮ್ಮೆ ತಲೆಯಾಡಿಸಿದ. ಆಮೇಲೆ ಊಟದ ಡಬ್ಬಿಯನ್ನು ಕೆಳಗಿನ ಮೆಟ್ಟಿಲ ಮೇಲೆ ಇಟ್ಟು ಬೈಕು ತಿರುಗಿಸಿಕೊಂಡು ಹೋದ.